ಮಶಾಕ ಸಾಬರ ಪಾನ್ ತಗಡು, ನನ್ನ ಬಾಯಿ

ಮೊದಲೇ ಹೇಳಿಬಿಡುತ್ತೇನೆ. ಶಹಾಬಾದಿನ ಕಲ್ಲಿನ ಖಣಿಯ ಪಕ್ಕದ ಬಾಲವಾಡಿಯ ಛಾವಣಿ ಸೋರಿದ್ದು ಮಶಾಕ ಸಾಬರ ತಲೆ ಕೆಟ್ಟಿತ್ತೆಂದಲ್ಲ, ನನ್ನ ಗಂಟಲು ನೆಟ್ಟಗಿರಲಿಲ್ಲವೆಂದು. ಅವರಿಲ್ಲದ ಹೊತ್ತಿನಲ್ಲಿ ಅವರ ದನಿ ತೆಗೆದು ನಾನು ಒಂದು ಮಾತು ಕೂಗಿದೆ. ಆ ಮಾತು ಛಾವಣಿ ಹತ್ತಿತು, ಮಳೆಯ ಜೊತೆ ಕೆಳಗಿಳಿಯಿತು, ಆಮೇಲೆ ಒಬ್ಬ ಮನುಷ್ಯನನ್ನು ತಿಂದಿತು. ಊರಲ್ಲಿ ಈಗಲೂ ಈ ಕತೆಯನ್ನು ನಗುತ್ತಲೇ ಹೇಳುತ್ತಾರೆ. ಹೇಳುವವನಿಗೆ ಸರಿಯಾಗಿ ಹೇಳಲು ಬರದಿದ್ದರೆ, "ಆ ಬೋರ್ಡಿನ ಶಿವ್ಯಾನ್ನ ಕರೀರಿ, ಅವ ಸಾಬರಂಗ ಮಾತಾಡಿ ತೋರಸ್ತಾನ" ಅನ್ನುತ್ತಾರೆ. ಆ ಶಿವ್ಯಾ ನಾನೇ. ಕರೆದಲ್ಲಿಗೆಲ್ಲ ಹೋಗಿ ತೋರಿಸಿಯೂ ಬಂದಿದ್ದೇನೆ, ಚಹಾ ಕುಡಿದು.

ನನ್ನ ಕಸುಬು ಅಂಗಡಿಗಳಿಗೆ ಬೋರ್ಡು ಬರೆಯುವುದು. ನನ್ನ ಚಟ ಮಂದಿಯ ದನಿ ತೆಗೆಯುವುದು. ವಾಡಿ ಸ್ಟೇಶನ್ನಿನಲ್ಲಿ ಗಾಡಿ ತಡವೆಂದು ಸಾರುವವನ ಮೂಗು, ಚಿತ್ತಾಪುರದಲ್ಲಿ ನನ್ನನ್ನು ನಪಾಸು ಮಾಡಿದ ಮಾಸ್ತರರ ಕೆಮ್ಮು, ಸೇಡಂ ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲ ಅನ್ನುವಾಗಿನ ವೈರಾಗ್ಯ, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನನ್ನೂ ನಾನು ಬಿಟ್ಟವನಲ್ಲ. ನಪಾಸಾದ ದಿನ ಅಪ್ಪನ ಮುಂದೆ ನಾನು ಹೇಗೆ ನಿಂತಿದ್ದೆ ಅನ್ನುವುದನ್ನು ಮರುದಿನ ಮಾಡಿ ತೋರಿಸಿ, ಹೊಡೆದ ಅಪ್ಪನನ್ನೇ ನಗಿಸಿದ್ದೇನೆ. ಇಷ್ಟು ದನಿಗಳ ನಡುವೆ ನನಗೆ ಭಾಳ ಒಲಿದದ್ದು ಮಶಾಕ ಸಾಬರ ದನಿ. ಅದು ಒಲಿಯದೆ ಹೋಗಿದ್ದರೆ ಚೆನ್ನಾಗಿತ್ತು.

ಮಶಾಕ ಸಾಬರು ತಗಡಿನ ಕೆಲಸದವರು. ಸ್ಟೇಶನ್ ರಸ್ತೆಯಲ್ಲಿ ಅವರ ಅಂಗಡಿ, ಅದರ ಒಂದು ಮೂಲೆಯಲ್ಲಿ ನನ್ನ ಬಣ್ಣದ ಡಬ್ಬಿಗಳು. ಅವರು ಬಡಿದು ಸಪಾಟು ಮಾಡಿದ ತಗಡಿನ ಮೇಲೆ ನಾನು "ಇಲ್ಲಿ ಸೈಕಲ್ ಪಂಚರ್ ತೆಗೆಯಲಾಗುವುದು" ಎಂದು ಬರೆಯುತ್ತಿದ್ದೆ. ಎಣ್ಣೆ, ಡಾಂಬರು, ಮಸಿಯ ನಡುವೆ ಕೂತೂ ಬಿಳೀ ಅಂಗಿ, ಬಿಳೀ ಪಾಯಿಜಾಮ, ಕಣ್ಣಿಗೆ ಸುರ್ಮಾ, ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. "ತಗಡಿನ ಕೆಲ್ಸ ಹೊಲಸಿರಬೌದು, ಮಾಡಾಂವ ಹೊಲಸಿರಬೇಕಂತ ಎಲ್ಲಿ ಬರದದ?" ಅನ್ನುತ್ತಿದ್ದರು. ಮುಂದಿನ ಹಲ್ಲೊಂದು ಇರಲಿಲ್ಲ. ಹಾಗಾಗಿ ಸಕಾರ ಬಂದಲ್ಲೆಲ್ಲ ಒಂದು ಸಣ್ಣ ಸೀಟಿ. ಪ್ರತಿ ಮಾತೂ "ಖರೆ ಹೇಳ್ಲೇನು" ಎಂದೇ ಶುರು. ಅನುಕರಣೆ ಮಾಡುವವನಿಗೆ ದೇವರು ಹೀಗೆ ಎಲ್ಲವನ್ನೂ ತಾಟಿನಲ್ಲಿ ಬಡಿಸಿಕೊಡುವುದು ಅಪರೂಪ.

ವಿನಯ ಅನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. ಕಲಬುರ್ಗಿಯಿಂದ ಹೈದರಾಬಾದಿನವರೆಗೆ ತನ್ನಂತೆ ತಗಡು ಮಡಚುವವನು ಇಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಯಾರಾದರೂ ಹೌದೆಂದರೆ ಸಿಟ್ಟು ಬರುತ್ತಿತ್ತು. "ನಿನಗೇನ್ ಗೊತ್ತು? ಹೈದರಾಬಾದ್ ನೋಡೀಯೇನು?"

ಅವರ ನಿಜವಾದ ವೈರಿ ನೀರು. ಮಾಡಿದ ಪ್ರತಿಯೊಂದು ಮಡಿಕೆಯ ಮೇಲೂ ಒಂದು ತಂಬಿಗೆ ನೀರು ಹುಯ್ದು, ಕಣ್ಣು ಮುಚ್ಚಿ, ತಗಡಿನ ಕೆಳಗೆ ಕಿವಿ ಹಚ್ಚಿ ಕೇಳುತ್ತಿದ್ದರು. ನೀರು ಒಳಗೆ ಬರುವ ಮೊದಲು ಒಂದು ಸಣ್ಣ ಸಪ್ಪಳ ಮಾಡುತ್ತದಂತೆ. "ಖರೆ ಹೇಳ್ಲೇನು, ನೀರಿಗಿ ನಾಚಿಕಿಲ್ಲ. ಹೋಗು ಅಂದ್ರ ಬಾಗಲದಾಗ ಕುಂದರ್ತದ. ನೀ ಯಾವಾಗ ಅತ್ತಾಗ ತಿರುಗ್ತಿ ಅಂತ ನೋಡ್ಕೋತ ಕುಂದರ್ತದ." ಹೀಗೆ ಹೇಳುವಾಗ ಅವರ ಮುಖದಲ್ಲಿ ನೀರಿನ ಬಗ್ಗೆ ಒಂದು ಬಗೆಯ ಗೌರವವೂ ಇರುತ್ತಿತ್ತು.

ಶಹಾಬಾದಿನಲ್ಲಿ ಕೂತು ತಗಡಿನ ಛಾವಣಿಯ ಕನಸು ಕಾಣುವುದು ಸಣ್ಣ ಹುಚ್ಚಲ್ಲ. ಇಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಮೇಲೆ ಹೊದಿಸುವುದೂ ಕಲ್ಲಿನ ಚಪ್ಪಡಿ, ನಮ್ಮ ಮಾತಲ್ಲಿ ಪರಸಿ. ಆದರೆ ಖಣಿಯ ಪಕ್ಕದ ಕೂಲಿಯವರ ಮನೆಗಳಲ್ಲಿ ಆ ಪರಸಿ ನಿಲ್ಲುತ್ತಿರಲಿಲ್ಲ. ದಿನವೂ ಖಣಿಯಲ್ಲಿ ಮದ್ದು ಹಾರಿಸುತ್ತಾರೆ. ನೆಲ ಅದುರುತ್ತದೆ, ಪರಸಿಯ ಸಂದು ಬಿಡುತ್ತದೆ. ಮಳೆಗಾಲದಲ್ಲಿ ಸೋರುತ್ತದೆ, ಬೇಸಿಗೆಯಲ್ಲಿ ಜಾರುತ್ತದೆ. ಮಶಾಕ ಸಾಬರು ಯೋಚಿಸಿದ್ದು ಇದನ್ನೇ. ಹಗುರಾದ ಸಣ್ಣ ಸಣ್ಣ ತಗಡುಗಳು ಒಂದರ ಅಂಚು ಒಂದಕ್ಕೆ ಸಿಕ್ಕಿಸಿಕೊಂಡು ಕೂತರೆ, ನೆಲ ಅದುರಿದಾಗ ತಾವೂ ಸ್ವಲ್ಪ ಅಲುಗಾಡಿ ಮತ್ತೆ ಸುಮ್ಮನಾಗುತ್ತವೆ. "ಕಲ್ಲು ಸೆಟದು ನಿಂದರ್ತದ, ಅದಕ್ಕ ಒಡೀತದ. ತಗಡು ಸ್ವಲ್ಪ ಬಾಗಿ ಸಲಾಮ್ ಮಾಡ್ತದ, ಉಳೀತದ."

ರಸ್ತೆಗೆ ಡಾಂಬರು ಹಾಕಿ ಬಿಸಾಕಿದ ಪೀಪಾಯಿಗಳನ್ನು ತಂದು, ಸೀಳಿ, ಬಡಿದು, ಅಂಗೈಯ ಎರಡು ಮೂರು ಪಟ್ಟು ಅಗಲದ ತುಂಡು ಮಾಡಿ, ಅವರು ಪ್ರಯೋಗ ನಡೆಸಿದ್ದು ಹೆಂಡತಿ ಜೈನಬಿಯ ಅಡುಗೆಮನೆಯ ಮೇಲೆ. ಮೊದಲನೆಯ ಸಲ ಮೊಳೆ ಹೊಡೆದರು. ಮೊಳೆ ಹೊಡೆದಲ್ಲೆಲ್ಲ ತೂತು, ತೂತಾದಲ್ಲೆಲ್ಲ ಹನಿ. ತೊಗರಿಬೇಳೆಯ ಸಾರು ಒಲೆಯ ಮೇಲಿದ್ದಂತೆಯೇ ಗಡಿಗೆ ತುಂಬುತ್ತ ಬಂತು. ಜೈನಬಿ ಸೌಟು ಹಿಡಿದು ಹೊರಗೆ ಬಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಹೊರಗ ಮಳ್ಯಾಗ ಕುಂತು ಅಡಗಿ ಮಾಡೂದೇ ಚೊಲೊ. ಅಲ್ಲಿ ನೀರು ಒಂದೇ ಕಡಿಂದ ಬರ್ತದ."

ಎರಡನೆಯ ಸಲ ಮೊಳೆ ಬಿಟ್ಟು ಅಂಚುಗಳನ್ನು ಬಿಗಿಯಾಗಿ ಮಡಚಿದರು. ನಮ್ಮ ಬಿಸಿಲು ಗೊತ್ತಲ್ಲ. ಮಧ್ಯಾಹ್ನ ತಗಡು ಹಿಗ್ಗಿ, ಹಿಗ್ಗಲು ಜಾಗವಿಲ್ಲದೆ, ಪಟಾಕಿಯಂತೆ ಸಿಡಿದು ಎದ್ದು ನಿಂತಿತು. ಮೇಲೆ ಕೂತಿದ್ದ ಮಶಾಕ ಸಾಬರು ಕೆಳಗೆ ಬಿದ್ದರು. ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಿದರು. ಅಲ್ಲಿಂದ ಮುಂದೆ ಅವರು ಏಣಿ ಹತ್ತಲಿಲ್ಲ. ಕೆಳಗೆ ಪೀಪಾಯಿಯ ಮೇಲೆ ಕೂತು ಕೂಗುವುದು, ಮೇಲಿರುವ ಇಬ್ಬರು ಹುಡುಗರು ಆ ಕೂಗಿನಂತೆ ಕೆಲಸ ಮಾಡುವುದು. ಒಬ್ಬ ಅವರ ಅಣ್ಣನ ಮಗ ರಹೀಮ, ಇನ್ನೊಬ್ಬ ಸೇಡಂ ಆಚೆಯ ಗಡಿಯ ಯಲ್ಲಯ್ಯ. ಅವರಿಬ್ಬರಿಗೂ ಮಶಾಕ ಸಾಬರ ಕೈ ಕಾಣುತ್ತಿರಲಿಲ್ಲ, ಮುಖ ಕಾಣುತ್ತಿರಲಿಲ್ಲ. ದನಿಯೇ ಮಶಾಕ ಸಾಬ್.

ಮೂರನೆಯ ದಾರಿ ಸಿಕ್ಕಿದ್ದು ಪಾನ್ ಅಂಗಡಿಯಲ್ಲಿ. ನಾನೂ ಜೊತೆಯಲ್ಲಿದ್ದೆ. ಪಾನಿನವನ ಹತ್ತಿರ ಲವಂಗ ಮುಗಿದಿತ್ತು. ಲವಂಗ ಚುಚ್ಚುವ ಬದಲು ಅವನು ಎಲೆಯ ಒಂದು ಅಂಚನ್ನು ಇನ್ನೊಂದರ ಮಡಿಕೆಯೊಳಗೆ ಸಡಿಲವಾಗಿ ತೂರಿಸಿ ಕೊಟ್ಟ. ಮಶಾಕ ಸಾಬರು ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಬಿಚ್ಚಿದರು, ಮುಚ್ಚಿದರು, ಜಗ್ಗಿದರು, ಮತ್ತೆ ಬಿಚ್ಚಿದರು. ಸುಣ್ಣವೆಲ್ಲ ಬಿಳೀ ಅಂಗಿಗೆ. "ಖರೆ ಹೇಳ್ಲೇನು ಶಿವ್ಯಾ, ಲವಂಗ ಅಂದ್ರ ಮೊಳಿ. ಮೊಳಿ ಇಲ್ಲದನೂ ಪಾನ್ ನಿಂತದ ನೋಡು. ಬಿಗಿ ಇಲ್ಲ, ಬಿಡೂದೂ ಇಲ್ಲ." ನಾನು ಆಗಲೇ ಪಾನನ್ನು ಮಗುವಿನಂತೆ ಎತ್ತಿ ಹಿಡಿದು ನೋಡುವ ಸಾಬರನ್ನು ಅವರೆದುರೇ ಮಾಡಿ ತೋರಿಸಿದೆ. ಅವರು ನಕ್ಕು ನಕ್ಕು ಗೋಡೆಗೆ ಒರಗಿದರು. ಅವರಿಗೆ ನನ್ನ ಅನುಕರಣೆ ಎಂದರೆ ಭಾಳ ಖುಷಿ. ಯಾರಿಗಾದರೂ ಬೈದು ಕಳಿಸಿದ ಮೇಲೆ ನನ್ನತ್ತ ತಿರುಗಿ, "ಈಗ ನಾ ಹೆಂಗ್ ಬೈದೆ, ಮಾಡು ನೋಡಮು" ಅನ್ನುತ್ತಿದ್ದರು. ಕನ್ನಡಿ ನೋಡಿಕೊಳ್ಳುವ ಹಾಗೆ ಕೇಳಿಸಿಕೊಳ್ಳುತ್ತಿದ್ದರು.

ಹೀಗೆ ಹುಟ್ಟಿದ್ದು ಪಾನ್ ತಗಡು. ತಗಡಿನ ಮೇಲಿನ, ಕೆಳಗಿನ ಅಂಚುಗಳ ಮಡಿಕೆ ಅಂಗಡಿಯಲ್ಲೇ ಆಗುತ್ತಿತ್ತು. ಪಕ್ಕದ ಅಂಚುಗಳನ್ನು ಮಾತ್ರ ಛಾವಣಿಯ ಮೇಲೆ ಕೂಡಿಸುತ್ತಲೇ ಮಡಚಬೇಕು. ಮೊದಲು ಕೂತ ತಗಡಿನ ಅಂಚನ್ನು ಎರಡನೆಯದು ಹೊದ್ದು ಹಿಡಿಯುತ್ತದೆ, ಎರಡನೆಯದನ್ನು ಮೂರನೆಯದು. ಹೀಗೆ ಹೊದ್ದ ಅಂಚು ಸಡಿಲವಾಗಿ ಸ್ವಲ್ಪ ತೆರೆದೇ ಇರುತ್ತದೆ. ಆ ತೆರೆದ ಅಂಚಿಗೆ ಸಾಬರು "ಬಾಯಿ" ಅನ್ನುತ್ತಿದ್ದರು. ಯಾವ ಕಡೆಯಿಂದ ಶುರು ಮಾಡುತ್ತೀರೋ ಆ ಕಡೆಗೇ ಎಲ್ಲ ಬಾಯಿಗಳೂ ತೆರೆಯುತ್ತವೆ. ಆದ್ದರಿಂದ ಮಳೆಗಾಳಿ ಬಾರದ ಕಡೆಯಿಂದ ಶುರು ಮಾಡಿ, ಗಾಳಿಗೆ ಎದುರಾಗಿ ಹೋಗಬೇಕು. ಆಗ ನೀರು ತಗಡಿನ ಬೆನ್ನ ಮೇಲಿಂದ ಜಾರಿ ಹೋಗುತ್ತದೆ. ತಿರುವುಮುರುವಾದರೆ ಗಾಳಿ ನೀರನ್ನು ಒಂದೊಂದು ಬಾಯಿಗೂ ಉಣಿಸುತ್ತದೆ. ಜೈನಬಿಯ ಅಡುಗೆಮನೆ ಒಂದು ಇಡೀ ಮಳೆಗಾಲ ಒಣಗಿಯೇ ಇತ್ತು. ಜೈನಬಿ ಹೊಗಳಲಿಲ್ಲ. ಬೈಯಲಿಲ್ಲ ಅನ್ನುವುದನ್ನೇ ಸಾಬರು ಸ್ಟೇಶನ್ ರಸ್ತೆಯ ತುಂಬ ಹೇಳಿಕೊಂಡು ಬಂದರು.

ಖಣಿಯ ಬಾಲವಾಡಿಯನ್ನು ನೋಡಿಕೊಳ್ಳುತ್ತಿದ್ದವಳು ಭೀಮಾಬಾಯಿ. ಎಲ್ಲರಿಗೂ ಅವಳು ಬರೀ "ಬಾಯಿ." ಕಲ್ಲು ಒಡೆಯುವ ಹೆಂಗಸರು ಕೂಸುಗಳನ್ನು ಅವಳ ಹತ್ತಿರ ಬಿಟ್ಟು ಹೋಗುತ್ತಿದ್ದರು. ಹಳೇ ಸೀರೆಯ ಜೋಳಿಗೆಗಳಲ್ಲಿ ಮಲಗಿದ ಆ ಕೂಸುಗಳ ಮಧ್ಯೆ ಒಂದು ದಿನ ಮದ್ದು ಹಾರಿದಾಗ ಮೇಲಿನ ಪರಸಿಯೊಂದು ಬಿತ್ತು. ಕೂಸುಗಳಿಗೆ ಏನೂ ಆಗಲಿಲ್ಲ. ಆದರೆ ಹೆಂಗಸರು ಕೆಲಸ ನಿಲ್ಲಿಸಿ ಕೂತರು. ನಮ್ಮ ಮಕ್ಕಳ ತಲೆಯ ಮೇಲೆ ಇನ್ನು ಕಲ್ಲು ಬೇಡ ಅಂದರು. ಭೀಮಾಬಾಯಿ ಜೈನಬಿಯ ಅಡುಗೆಮನೆ ನೋಡಿ ಬಂದವಳು, ಪಾನ್ ತಗಡನ್ನೇ ಕೇಳಿದಳು. ಖಣಿಯ ಯಜಮಾನರು ಒಪ್ಪಿದ್ದು ಒಂದು ಶರತ್ತಿನ ಮೇಲೆ. ಮೊದಲ ದೊಡ್ಡ ಮಳೆಯಲ್ಲಿ ಬಾಲವಾಡಿ ಒಣಗಿದ್ದರೆ, ಕೂಲಿಯವರ ಮನೆಗಳ ಇಡೀ ಸಾಲಿಗೇ ಆ ತಗಡು. ಸೋರಿದರೆ ಮತ್ತೆ ಆ ಮಾತು ಎತ್ತಬಾರದು.

ಬಾಲವಾಡಿ ಒಂದೇ ಇಳಿಜಾರಿನ ಕೊಟ್ಟಿಗೆ. ಮುಂದೆ ನಿಂತು ನೋಡಿದರೆ ಬಲಕ್ಕೆ ಬೇವಿನ ಗಿಡ, ಎಡಕ್ಕೆ ಒಂದು ಹಳೇ ಬಾವಿ. ನಮ್ಮಲ್ಲಿ ಮಳೆಗಾಳಿ ಬರುವುದು ಪಡುವಲಿನಿಂದ, ಅಂದರೆ ಬಾವಿಯ ಕಡೆಯಿಂದ. ಹಾಗಾಗಿ ಶುರು ಮಾಡಬೇಕಾದದ್ದು ಬೇವಿನ ಗಿಡದ ಕಡೆಯಿಂದ. ಆ ಬೆಳಿಗ್ಗೆ ಹುಡುಗರು ಮೇಲೆ ಕಟ್ಟಿಗೆಯ ಪಟ್ಟಿ ಬಡಿಯುತ್ತಿದ್ದರು. ತುದಿಯ ಸಾಲಿಗೆ ಬೇಕಾದ ಜಸ್ತದ, ಅಂದರೆ ಸತುವಿನ, ಪಟ್ಟಿ ತರಲು ಸಾಬರು ವಾಡಿಗೆ ಹೋಗಬೇಕಿತ್ತು. ಗಾಡಿಯ ಸೀಟಿ ಕೇಳಿದ್ದೇ ಎದ್ದು, ಯಾರಿಗೂ ಏನೂ ಹೇಳದೆ ಕುಂಟುತ್ತ ಓಡಿದರು. ಮೇಲಿದ್ದವರಿಗೆ ಅವರು ಹೋದದ್ದೇ ತಿಳಿಯಲಿಲ್ಲ. ನಾನು ಕೆಳಗೆ "ಬಾಲವಾಡಿ" ಎಂದು ಬರೆಯುತ್ತಿದ್ದೆ. ಪಕ್ಕದಲ್ಲಿ ಭೀಮಾಬಾಯಿ ಕೂಸೊಂದಕ್ಕೆ ಗಂಜಿ ಕುಡಿಸುತ್ತಿದ್ದಳು.

ಮೇಲಿಂದ ರಹೀಮ ಕೇಳಿದ. "ಚಾಚಾ, ಯಾವ ಕಡಿಂದ ಹಚ್ಚಮು?"

ನಾನು ಸುಮ್ಮನಿರಬಹುದಿತ್ತು. ಚಾಚಾ ಇಲ್ಲ, ನಾಳೆ ಬರುತ್ತಾರೆ ಅನ್ನಬಹುದಿತ್ತು. ಆದರೆ ಪಕ್ಕದಲ್ಲಿ ನಗಿಸಲು ಒಬ್ಬಳಿದ್ದಳು. ಸಾಬರ ಹಲ್ಲಿಲ್ಲದ ಸೀಟಿಯ ಸಮೇತ ಕೂಗಿದೆ. "ಖರೆ ಹೇಳ್ಲೇನು ಸುವ್ವರ್‌ಗೋಳ್ಯಾ, ಬಾಯಿ ಕಡಿಂದ ಹಚ್ರಿ, ಬಾಯಿ ಕಡಿಂದ."

ನನ್ನ ಮಟ್ಟಿಗೆ ಅದಕ್ಕೆ ಅರ್ಥವೇ ಇರಲಿಲ್ಲ. ಸಾಬರ ನೆಚ್ಚಿನ ಶಬ್ದ, ಪಕ್ಕದಲ್ಲಿ ಕೂತವಳ ಹೆಸರೂ ಅದೇ ಎಂಬ ಚೇಷ್ಟೆ, ಅಷ್ಟೇ. ಭೀಮಾಬಾಯಿ ಗಂಜಿಯ ಬಟ್ಟಲು ಅಲ್ಲಾಡುವಂತೆ ನಕ್ಕಳು. ನಾನು ಗೆದ್ದೆ ಅಂದುಕೊಂಡೆ.

ಆದರೆ ನಮ್ಮ ಸೀಮೆಯಲ್ಲಿ ಒಂದು ಶಬ್ದವನ್ನು ಗಾಳಿಗೆ ಬಿಟ್ಟರೆ ಅದು ಯಾರ ಮನೆಯಲ್ಲಿ ಇಳಿಯುತ್ತದೆ ಹೇಳಲಾಗದು. ನನಗೆ ಬಾಯಿ ಎಂದರೆ ಬಾಯಿ, ಹೆಚ್ಚೆಂದರೆ ಭೀಮಾಬಾಯಿ. ಮನೆಯಲ್ಲಿ ದಖನಿ ಉರ್ದು ಮಾತಾಡುವ ರಹೀಮನಿಗೆ ಬಾಯಿ ತರಫ್ ಎಂದರೆ ಎಡಗಡೆ. ಯಲ್ಲಯ್ಯನದು ಗಡಿಯ ತೆಲುಗು. ಅವರಲ್ಲಿ ಬಾಯಿ ಎಂದರೆ ಬಾವಿ. ಎಡಗಡೆಯೂ ಬಾವಿಯ ಕಡೆಯೂ ಒಂದೇ ಆಗಿತ್ತು. ಇಬ್ಬರೂ ಬೇರೆ ಬೇರೆ ಭಾಷೆಯಲ್ಲಿ ಕೇಳಿ ಒಂದೇ ತಪ್ಪನ್ನು ಸರಿಯೆಂದು ಒಪ್ಪಿಕೊಂಡರು. ಗಾಳಿಯ ಲೆಕ್ಕ ಸಾಬರ ತಲೆಯಲ್ಲಿತ್ತು, ಹುಡುಗರಿಗೆ ಅವರು ಅದನ್ನು ಬಿಡಿಸಿ ಹೇಳಿರಲಿಲ್ಲ. ಒಬ್ಬನಿಗಾದರೂ ಅನುಮಾನ ಬಂದಿದ್ದರೆ ಇನ್ನೊಂದು ಸಲ ಕೇಳುತ್ತಿದ್ದರು. ನಾನು ಬ್ರಷ್ ತೊಳೆದು ಚಹಾಕ್ಕೆ ಹೋದೆ.

ಮರುದಿನ ಸಂಜೆ ಮಶಾಕ ಸಾಬರು ಬರುವಷ್ಟರಲ್ಲಿ ಮೋಡ ಕಟ್ಟತೊಡಗಿತ್ತು, ಹುಡುಗರು ಅವಸರದಲ್ಲಿ ಕಡೆಯ ಸಾಲಿನವರೆಗೆ ಬಂದಿದ್ದರು. ಮುಗಿದ ಛಾವಣಿಯನ್ನು ಕೆಳಗಿನಿಂದ ನೋಡಿದರೆ ಯಾವ ಕಡೆಯಿಂದ ಶುರುವಾಯಿತು ಎಂದು ತಿಳಿಯುವುದಿಲ್ಲ. ನೇರವಾದ ಗೆರೆಗಳು, ಮುಳುಗುವ ಬಿಸಿಲಲ್ಲಿ ಕಪ್ಪಗೆ ಮಿರುಗುವ ತಗಡು. ಸಾಬರು ಎಷ್ಟು ಹೊತ್ತು ನೋಡಿದರೆಂದರೆ ಮಗ್ರಿಬ್ ನಮಾಜಿಗೆ ತಡವಾಯಿತು. "ಹೈದರಾಬಾದಿನ ಯಾವನರ ಬಂದು ನೋಡ್ಲಿ" ಅಂದರು. ನನಗೆ ಆಗಲೂ ಏನೂ ಗೊತ್ತಿರಲಿಲ್ಲ. ಇಲ್ಲಿಯವರೆಗೆ ನಾನು ಬರೀ ಮೂರ್ಖ. ನಾಚಿಕೆ ಪಡಬೇಕಾದದ್ದು ಇನ್ನು ಮುಂದೆ ಇದೆ.

ಮೊದಲ ದೊಡ್ಡ ಮಳೆಯ ದಿನ ಸಾಬರು ಬಾಲವಾಡಿಯ ನಟ್ಟನಡುವೆ ಬಿಳೀ ಚಾದರ ಹಾಸಿಕೊಂಡು, ಹೊಸ ಸುರ್ಮಾ ಹಚ್ಚಿಕೊಂಡು, ಎದುರಿಗೆ ತಾಟಿನ ತುಂಬ ಪುಡಿ ಉಪ್ಪು ಇಟ್ಟುಕೊಂಡು ಕೂತರು. ಉಪ್ಪು ತೇವವಾದರೆ ತಾನು ಸೋತೆ ಎಂದು ಸಾರಿದರು. ಯಜಮಾನರ ಕಡೆಯವರು ಕೊಡೆ ಹಿಡಿದು ಬಾಗಿಲಲ್ಲಿ, ಹೆಂಗಸರು ಗೋಡೆಗೆ ಒತ್ತಿ, ನಾನು ಕಿಟಕಿಯ ಹೊರಗೆ. ಪಡುವಲ ಗಾಳಿ ಬಾವಿಯನ್ನು ದಾಟಿ ಬಂತು. ಮೊದಲ ಹನಿ ಉಪ್ಪಿನ ಮೇಲೆ ಬಿದ್ದಾಗ ಸಾಬರು ಅದನ್ನು ತಮ್ಮ ಬೆವರು ಅಂದುಕೊಂಡು ಹಣೆ ಒರೆಸಿಕೊಂಡರು. ಎರಡನೆಯದು ಟೊಪ್ಪಿಗೆಯ ಮೇಲೆ. ಆಮೇಲೆ ಒಂದೊಂದು ಸಂದಿನಿಂದಲೂ, ಸಾಲು ಹಿಡಿದು, ಲೆಕ್ಕ ತಪ್ಪದೆ, ನೀರು. ಮಡಿಕೆಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ಸೋರಿದ್ದೂ ಅಚ್ಚುಕಟ್ಟಾಗಿಯೇ. ಜೋಳಿಗೆಗಳಲ್ಲಿ ಕೂಸುಗಳು ಅಳತೊಡಗಿದವು. ಭೀಮಾಬಾಯಿ ಎರಡೂ ಬಗಲಲ್ಲಿ ಕೂಸು ಎತ್ತಿಕೊಂಡು ಹೊರಗೋಡಿದಳು. ಸಾಬರು ಎದ್ದೇಳಲಿಲ್ಲ. ಸುರ್ಮಾ ಕರಗಿ ಎರಡು ಕಪ್ಪು ಗೆರೆಯಾಗಿ ಗಡ್ಡದವರೆಗೆ ಇಳಿಯಿತು. ಕೊಡೆಯ ಕೆಳಗಿನಿಂದ ಯಾರೋ, "ಸಾಬ್ರ, ಇದು ಛತ್ತಲ್ಲ, ಜರಡಿ" ಅಂದರು. ಎಲ್ಲರೂ ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ.

ಯಜಮಾನರ ಕಡೆಯವರು ಹೋದ ಮೇಲೆ ಸಾಬರು ಹುಡುಗರನ್ನು ಕರೆದರು. "ಯಾವ ಕಡಿಂದ ಶುರು ಮಾಡಿರಿ?"

"ಬಾಯಿ ಕಡಿಂದ ಚಾಚಾ. ನೀವೇ ಹೇಳಿದ್ರಲ್ಲ," ಅಂದ ರಹೀಮ.

"ನಾ ಹೇಳ್ದೆನಾ?"

"ಹೌದ್ರಿ. ಕೆಳಗಿಂದ ಒದರಿದ್ರಿ. ಬೈದೂ ಬೈದ್ರಿ," ಅಂದ ಯಲ್ಲಯ್ಯ.

ನನಗೆ ಆಗ ತಿಳಿಯಿತು. ರಹೀಮ ಜಾಣ. ನನ್ನ ಕಡೆ ತಿರುಗಿ ಕೇಳಿಯೇಬಿಟ್ಟ. "ಶಿವ್ಯಾ, ನೀ ಏನರ ಒದರಿದ್ದೇನು ಅವತ್ತು?"

"ನಾ ಯಾಕ ಒದರ್ಲಿ? ನಾ ಬೋರ್ಡ್ ಬರೀಲಿಕತ್ತಿದ್ದೆ," ಅಂದೆ. ನನ್ನ ಸ್ವಂತ ದನಿಯಲ್ಲಿ ಅಂದೆ. ಅಷ್ಟು ನಂಬುವಂತೆ ನಾನು ಬೇರೆ ಯಾರ ದನಿಯಲ್ಲೂ ಮಾತಾಡಿದ್ದಿಲ್ಲ.

ಮಶಾಕ ಸಾಬರು ರಹೀಮನಿಗೇ ಗದರಿದರು. "ಅವನಿಗ್ಯಾಕ ಕೇಳ್ತಿ? ಅವ ನಗಸ್ಲಿಕ್ಕ ಮಾತಾಡ್ತಾನ, ಮನಿ ಕೆಡಸ್ಲಿಕ್ಕಲ್ಲ." ಆಮೇಲೆ ತಮ್ಮಷ್ಟಕ್ಕೆ, "ನಾ ಏನೂ ಹೇಳದನೇ ಗಾಡಿಗಿ ಹೋದೆ ಅಂತ ನನಗ ನೆಪ್ಪದ. ಇಬ್ರೂ ಕೇಳ್ಯಾರ ಅಂದ್ರ ನನ್ನ ನೆಪ್ಪೇ ಸುಳ್ಳು" ಅಂದರು.

ಅಲ್ಲೇ ಹೇಳಬಹುದಿತ್ತು. ಉಪ್ಪು ಇನ್ನೂ ಪೂರ್ತಿ ಕರಗಿರಲಿಲ್ಲ.

ಬಾಲವಾಡಿಗೆ ಸಿಮೆಂಟಿನ ಶೀಟು ಬಂತು. ಕೂಲಿಯವರ ಸಾಲಿಗೆ ಹಳೇ ಪರಸಿಯೇ ಉಳಿಯಿತು. ಕಿತ್ತ ಪಾನ್ ತಗಡನ್ನು ಯಾರ್ಯಾರೋ ಒಯ್ದು ಕೋಳಿಗೂಡು ಮಾಡಿಕೊಂಡರು. ಅದನ್ನೆಲ್ಲ ಸಾಬರು ತಡೆದುಕೊಳ್ಳುತ್ತಿದ್ದರೋ ಏನೋ. ಸೋತರೆ ನಾಲ್ಕು ದಿನ ಬೈದಾಡಿ ಮತ್ತೆ ಬಡಿಯಲು ಕೂರುವ ಜಾತಿಯವರು ಅವರು. ಅವರನ್ನು ಕೆಡವಿದ್ದು ಬೇರೆ. ಅವರಿಗೆ ತಮ್ಮ ತಲೆಯ ಮೇಲೆ ಅನುಮಾನ ಬಂತು. ಒಂದು ಮಾತಾಡಿ ನಿಲ್ಲಿಸಿ, ಜೈನಬಿಯನ್ನೋ ರಹೀಮನನ್ನೋ ಹಿಡಿದು, "ನಾ ಈಗ ಏನಂದೆ?" ಎಂದು ಕೇಳತೊಡಗಿದರು. ಗಿರಾಕಿಗೆ ಡಬ್ಬಿ ಎಂದು ಹೇಳಿ, "ಬಕೀಟ್ ಅಂದೆನಾ?" ಅನ್ನುತ್ತಿದ್ದರು. ಕೂಗಿ ಕೆಲಸ ಹೇಳುವುದನ್ನು ಬಿಟ್ಟರು. ಖರೆ ಹೇಳ್ಲೇನು ಅನ್ನುವುದನ್ನೂ ಬಿಟ್ಟರು.

ನಾನು ಏನು ಮಾಡಿದೆ? ಹೋಟೆಲಿನಲ್ಲಿ "ನಾ ಈಗ ಏನಂದೆ?" ಎಂದು ಕೇಳುವ ಮಶಾಕ ಸಾಬರನ್ನು ಮಾಡಿ ತೋರಿಸಿದೆ. ಉಪ್ಪಿನ ತಾಟು, ಟೊಪ್ಪಿಗೆಯ ಮೇಲಿನ ಹನಿ, ಸುರ್ಮಾದ ಗೆರೆ, ಒಂದನ್ನೂ ಬಿಡಲಿಲ್ಲ. ಮಂದಿ ಕೇಳುತ್ತಿದ್ದರು, ಇಲ್ಲವೆನ್ನಲು ನನಗೆ ಬರುತ್ತಿರಲಿಲ್ಲ. ಇಲ್ಲವೆಂದರೆ ಯಾಕೆ ಅನ್ನುತ್ತಾರೆ ಎಂಬ ಭಯವೂ ಇತ್ತು. ಚಪ್ಪಾಳೆಯ ನಡುವೆ ಒಂದು ಸಲ ಬಾಗಿಲಲ್ಲಿ ರಹೀಮ ನಿಂತದ್ದು ಕಂಡಿತು. ಅವನು ಚಹಾ ಕುಡಿಯದೆ ಹೋದ.

ಮರುವರ್ಷ ಚಿಂಚೋಳಿ ಕಡೆಯ ಚಂದ್ರಂಪಳ್ಳಿ ಕೆರೆಯ ಕ್ಯಾಂಪಿನಿಂದ ಒಬ್ಬ ಓವರಸಿಯರ್ ಅಂಗಡಿಗೆ ಬಂದ. ಜೈನಬಿಯ ಅಡುಗೆಮನೆಯನ್ನು ರಸ್ತೆಯಿಂದ ನೋಡಿದನಂತೆ. ಕಾಡಿನ ಮಳೆಗೆ ಕ್ಯಾಂಪಿನ ಕೊಟ್ಟಿಗೆಗಳು ನಿಲ್ಲುತ್ತಿಲ್ಲ, ಈ ತಗಡು ಹಚ್ಚಿಕೊಡುತ್ತೀರಾ ಎಂದು ಕೇಳಿದ. ನಾನು ಮೂಲೆಯಲ್ಲಿ ಬಣ್ಣ ಕಲೆಸುತ್ತಿದ್ದೆ. ಸಾಬರು ಕೈಯಲ್ಲಿದ್ದ ತಗಡಿನ ಚೂರನ್ನು ಪಾನಿನಂತೆ ಮಡಚಿದರು, ಬಿಚ್ಚಿದರು.

"ತಗಡು ಚೊಲೊ ಅದರಿ. ಹೇಳಾಂವ್ನ ತಲಿ ಚೊಲೊ ಇಲ್ಲ," ಅಂದರು. "ಒಂದು ಹೇಳಬೇಕಂತೀನಿ, ಇನ್ನೊಂದು ಹೇಳಿರ್ತೀನಿ. ಸಣ್ಣ ಮಕ್ಳು ತೊಯ್ದವ್ರಿ ನನ್ನ ಮಾತಿಗಿ. ನೀವು ಶೀಟ್ ಹಾಕಸ್ಕೋರಿ."

ಓವರಸಿಯರ್ ಹೋದ. ಅವನ ಹಿಂದೆ ಓಡಿ ಹೋಗಲು ಬಾಗಿಲು ತೆರೆದೇ ಇತ್ತು. ನಾನು ಬಣ್ಣ ಕಲೆಸಿದೆ. ಅಗತ್ಯಕ್ಕಿಂತ ಭಾಳ ಹೊತ್ತು ಕಲೆಸಿದೆ.

ಆ ವಾರವೇ ಬಾಲವಾಡಿಯ ಬೋರ್ಡಿಗೆ ಮತ್ತೆ ಬಣ್ಣ ಹಚ್ಚಲು ಹೋಗಿದ್ದೆ. ಭೀಮಾಬಾಯಿಗೆ ಈ ಸುದ್ದಿಯನ್ನೂ ಒಂದು ಆಟವಾಗಿಯೇ ಹೇಳಿದೆ. ಸಾಬರ ದನಿ, ಓವರಸಿಯರನ ದನಿ, ಮಡಚುವ ಬೆರಳು. ಮಧ್ಯದಲ್ಲಿ ಹುಡುಗರು ಬಾಯಿ ಕಡಿಂದ ಹಚ್ಚಿದ ಮಾತೂ ಬಂತು. ಅವಳು ನಗಲಿಲ್ಲ.

"ಏನಂದಿ? ಬಾಯಿ ಕಡಿಂದ?"

ನಾನು ಬ್ರಷ್ ನೋಡಿದೆ.

"ಅದು ನೀ ಅಂದಿದ್ದಲ್ಲೇನೋ. ನಾ ನಕ್ಕಿದ್ದೆ." ಅವಳು ಮೊಣಕಾಲ ಮೇಲಿನ ಕೂಸನ್ನು ಕೆಳಗಿಳಿಸಿದಳು. "ಸಾಬ್ರಿಗಿ ತಲಿ ತಿರಗ್ಯದ ಅಂತ ಖಣಿ ಮಂದೆಲ್ಲ ಆಡ್ಲಿಕತ್ತಾರ. ನಾನೂ ಆಡೀನಿ. ಏಳು, ಬ್ರಷ್ ಇಡು. ಇವತ್ತ ನೀ ಹೋಗ್ತಿಯೋ, ನಾ ಹೋಗ್ಲೋ?"

ಬೋರ್ಡಿನಲ್ಲಿ "ಬಾಲ" ಅಷ್ಟೇ ಆಗಿತ್ತು. ಹಾಗೇ ಬಿಟ್ಟು ಹೋದೆ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ತಾಲೀಮು ಮಾಡಿದೆ. ಪ್ರತಿ ಸಲವೂ ನನ್ನ ಮಾತು ಯಾರದೋ ಮಾತಿನಂತೆ ಕೇಳುತ್ತಿತ್ತು. ಒಮ್ಮೆ ಮಾಸ್ತರರಂತೆ, ಒಮ್ಮೆ ಕಂಡಕ್ಟರನಂತೆ, ಒಮ್ಮೆ ಅಪ್ಪನಂತೆ.

ಅದೇ ನಮ್ಮ ಕಡೆಯ ಭೇಟಿ. ಅದಾದ ಸ್ವಲ್ಪ ದಿನಕ್ಕೆ ಸಾಬರು ಅಂಗಡಿ ಮುಚ್ಚಿ, ಜೈನಬಿಯ ಜೊತೆ ಐನಾಪುರದ ಮಗಳ ಮನೆಗೆ ಹೋದರು, ಅಲ್ಲೇ ಮಣ್ಣಾದರು. ನಾನು ಹೇಳಲು ಹೋದ ಮಧ್ಯಾಹ್ನ ಅವರು ಜೈನಬಿಯ ಅಡುಗೆಮನೆಯ ಬಾಗಿಲಲ್ಲಿ ಕೂತು, ತಗಡಿಗೆ ಉಳಿಯಿಂದ ಒಂದೇ ಅಳತೆಗೆ ತೂತು ಹೊಡೆಯುತ್ತಿದ್ದರು. ಮೇಲೆ ಅವರದೇ ಪಾನ್ ತಗಡು, ಆಗಲೂ ಒಂದು ಹನಿ ಬಿಡದ್ದು.

"ಏನ್ರಿ ಚಾಚಾ, ಏನ್ ಮಾಡ್ಲಿಕತ್ತೀರಿ?"

"ಜರಡಿ. ಇದು ಸೋರಿದ್ರ ಯಾರೂ ಬೈಯಂಗಿಲ್ಲ."

ನಾನು ಹೇಳಿದೆ. ಚಂದ ಮಾಡಿ ಹೇಳಲು ಬರಲಿಲ್ಲ. ಗಾಡಿಯ ಸೀಟಿ, ರಹೀಮನ ಪ್ರಶ್ನೆ, ನನ್ನ ಕೂಗು, ಭೀಮಾಬಾಯಿಯ ನಗು, ಎಡ, ಬಾವಿ, ಆಮೇಲಿನ ಸುಳ್ಳು, ಹೋಟೆಲಿನ ಚಪ್ಪಾಳೆ. ಅವರು ತಲೆ ಎತ್ತಲಿಲ್ಲ. ಉಳಿ ಇಟ್ಟರು, ಹೊಡೆದರು, ಮುಂದಿನ ತೂತಿಗೆ ಉಳಿ ಇಟ್ಟರು, ಹೊಡೆಯಲಿಲ್ಲ.

"ಅವತ್ತು ಹೆಂಗಂದಿ? ಅನ್ನು."

"ಬ್ಯಾಡ್ರಿ ಚಾಚಾ."

"ಅನ್ನು ಅಂದೆ."

ಆ ದನಿ ಬಂತು, ಎಲ್ಲಿ ಅಡಗಿತ್ತೋ, ಸೀಟಿಯ ಸಮೇತ, ಸ್ವಲ್ಪವೂ ಮುಕ್ಕಾಗದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಒಳಗೆ ಜೈನಬಿಯ ಸೌಟಿನ ಸಪ್ಪಳ ನಿಂತಿತು.

"ನಂದೇ ಅದ," ಅಂದರು. ಒಳಗೆ ಮುಖ ಮಾಡಿ, "ಕೇಳ್ದೇನು? ನನ್ನ ತಲಿ ನೆಟ್ಟಗೇ ಇತ್ತಂತ" ಅಂದರು. ಜೈನಬಿ ಹೊರಗೆ ಬರಲಿಲ್ಲ, ನನ್ನನ್ನು ನೋಡಲಿಲ್ಲ. ಸಾಬರ ಮುಖದಲ್ಲಿ ಖುಷಿ ಕಾಣಬಹುದೆಂದು ಹುಡುಕಿದೆ. ಒಂದು ವರ್ಷ ತನ್ನನ್ನು ತಾನೇ ನಂಬದೆ ಕಳೆದವನ ಮುಖ ಹೇಗಿರಬೇಕೋ ಹಾಗಿತ್ತು.

ತಡೆಯಲಾಗಲಿಲ್ಲ. ಎದ್ದು ನಿಂತು ಅಂದೆ. "ನಾ ಈಗೇ ಹೋಗಿ ಎಲ್ಲರಿಗೂ ಹೇಳ್ತೀನ್ರಿ ಚಾಚಾ. ಯಜಮಾನ್ರಿಗಿ, ಖಣಿ ಹೆಣ್ಮಕ್ಳಿಗಿ, ಹೋಟೆಲಿನ ಮಂದಿಗಿ. ಆ ಓವರಸಿಯರಗೂ ಚಂದ್ರಂಪಳ್ಳಿಗಿ ಹೋಗಿ ಹೇಳ್ತೀನಿ. ತಪ್ಪು ನಿಮ್ದಲ್ಲ, ನಂದು ಅಂತ ಹೇಳ್ತೀನಿ."

ಮಶಾಕ ಸಾಬರು ಆಗ ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು.

"ಯಾರ ದನ್ಯಾಗ ಹೇಳ್ತಿ?"